ಆಂಗ್ರಿಯಾ ಬ್ಯಾಂಕ್: ಹವಳದ ದಿಬ್ಬವೊಂದರ ಹೆಸರು

ಮಹಾರಾಷ್ಟ್ರದ ವಿಜಯದುರ್ಗ ಕೋಟೆಯಿಂದ ಪಶ್ಚಿಮಕ್ಕೆ ಸುಮಾರು 105 ಕಿಲೋಮೀಟರ್ ದೂರದಲ್ಲಿ, ಅರಬ್ಬೀ ಸಮುದ್ರದ ನೀರಿನಡಿ ಒಂದು ಹವಳದ ದಿಬ್ಬವಿದೆ. ಉತ್ತರದಿಂದ ದಕ್ಷಿಣಕ್ಕೆ ಅದರ ಉದ್ದ ಸುಮಾರು 40 ಕಿಲೋಮೀಟರ್, ಅಗಲ ಹೆಚ್ಚೆಂದರೆ 15 ಕಿಲೋಮೀಟರ್. ಅದರ ನೆತ್ತಿ ಎಲ್ಲಿಯೂ ನೀರಿನ ಮೇಲೆ ತಲೆ ಎತ್ತುವುದಿಲ್ಲ. ಅತಿ ಎತ್ತರದ ಭಾಗವೂ 20.1 ಮೀಟರ್ ಆಳದಲ್ಲಿದೆ. ಈ ಅಂಕಿಯನ್ನು ಹಳೆಯ ನಾವಿಕರ ಅಳತೆಗೆ ತಿರುಗಿಸಿದರೆ ಸರಿಯಾಗಿ 11 ಫ್ಯಾದಮ್ ಆಗುತ್ತದೆ. ಫ್ಯಾದಮ್ ಎಂದರೆ ನಮ್ಮ ಕಡೆಯ ಮಾರು, ಚಾಚಿದ ಎರಡು ತೋಳುಗಳ ಅಳತೆ. ದಾರಕ್ಕೆ ಸೀಸದ ಗುಂಡು ಕಟ್ಟಿ ನೀರಿಗೆ ಇಳಿಬಿಟ್ಟು ಆಳ ನೋಡುತ್ತಿದ್ದ ಕಾಲದ ಲೆಕ್ಕ ಅದು. ನಕ್ಷೆಗಳಲ್ಲಿ ಈ ದಿಬ್ಬದ ಹೆಸರು ಆಂಗ್ರಿಯಾ ಬ್ಯಾಂಕ್.

ಹೆಸರಿನ ಎರಡು ಪದಗಳಲ್ಲಿ ಮೊದಲನೆಯದು ಪುಣೆ ಸೀಮೆಯ ಒಂದು ಮರಾಠಾ ಮನೆತನದ್ದು. ಎರಡನೆಯದು ಇಂಗ್ಲಿಷ್ ನಾವಿಕರ ಬಳಕೆಯ ಮಾತು. ಎರಡನೆಯದನ್ನು ಮೊದಲು ಬಿಡಿಸಿಕೊಂಡರೆ ಮೊದಲನೆಯದರ ಕಥೆಗೆ ಜಾಗ ಸಿಗುತ್ತದೆ.

ಬ್ಯಾಂಕ್ ಎಂದೊಡನೆ ಇಂದಿನ ಓದುಗನಿಗೆ ಹಣ ಇಡುವ ಕಟ್ಟಡ ನೆನಪಾಗುತ್ತದೆ. ಕಡಲಿನ ಇಂಗ್ಲಿಷಿನಲ್ಲಿ ಈ ಪದ ನೀರಿನಡಿಯ ಏರುನೆಲವನ್ನು ಸೂಚಿಸುತ್ತದೆ. ಬ್ರಿಟನ್ ಮತ್ತು ಡೆನ್ಮಾರ್ಕ್ ನಡುವಿನ ಉತ್ತರ ಸಮುದ್ರದಲ್ಲಿ ಮೀನುಗಾರಿಕೆಗೆ ಹೆಸರಾದ ಡಾಗರ್ ಬ್ಯಾಂಕ್ ಇದೇ ಜಾತಿಯ ಹೆಸರು. ಸಮುದ್ರತಳದ ರೂಪಗಳಿಗೆ ಹೆಸರಿಡುವಾಗ ಜಲಮಾಪಕರು ಮೂರು ಪದಗಳನ್ನು ಬೇರೆಬೇರೆ ಅರ್ಥದಲ್ಲಿ ಬಳಸುತ್ತಾರೆ. ರೀಫ್ ಎಂದರೆ ಬಂಡೆ ಅಥವಾ ಹವಳ ನೀರಿನ ಮೇಲ್ಮೈಗೆ ಸಮೀಪ ಬಂದು ಹಡಗಿಗೆ ಅಪಾಯ ಒಡ್ಡುವ ಜಾಗ. ಶೋಲ್ ಕೂಡ ಅಪಾಯದ ತಗ್ಗುನೀರೇ. ಬ್ಯಾಂಕ್ ಎಂದರೆ ಸುತ್ತಲಿನ ಕಡಲಿಗಿಂತ ಆಳ ಕಡಿಮೆಯಾದರೂ ಹಡಗು ಸುರಕ್ಷಿತವಾಗಿ ಹಾದುಹೋಗಬಲ್ಲ ಏರು. ಹನ್ನೊಂದು ಮಾರು ನೀರಿನ ಮೇಲೆ ಹಳೆಯ ಕಾಲದ ಯಾವ ಹಡಗಾದರೂ ತಳ ತಾಗದೆ ಸಾಗುತ್ತಿತ್ತು. ಆದ್ದರಿಂದ ಜೀವಶಾಸ್ತ್ರದ ದೃಷ್ಟಿಯಲ್ಲಿ ಹವಳದ ರೀಫ್ ಆಗಿರುವ ಈ ಜಾಗಕ್ಕೆ ನಾವಿಕರು ಇಟ್ಟ ಪದ ಬ್ಯಾಂಕ್. ಹೆಸರಿನಲ್ಲಿ ಹವಳದ ಸುಳಿವೇ ಇಲ್ಲದಿರುವುದಕ್ಕೆ ಇದೇ ಕಾರಣ. ನಾವಿಕನಿಗೆ ಬೇಕಾದದ್ದು ಆಳ ಮಾತ್ರ. ಅಡಿಯಲ್ಲಿ ಬದುಕಿದ್ದೇನು ಎಂಬುದು ಅವನ ನಕ್ಷೆಗೆ ಬೇಕಿರಲಿಲ್ಲ.

ಜಗತ್ತಿನ ಅತಿ ಪ್ರಸಿದ್ಧ ಹವಳದ ಸಾಲಿನ ಹೆಸರನ್ನು ಪಕ್ಕಕ್ಕಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಆಸ್ಟ್ರೇಲಿಯಾದ ಈಶಾನ್ಯ ಕರಾವಳಿಯ ಉದ್ದಕ್ಕೂ ಸುಮಾರು 2,300 ಕಿಲೋಮೀಟರ್ ಹಬ್ಬಿರುವ ಗ್ರೇಟ್ ಬ್ಯಾರಿಯರ್ ರೀಫ್‌ನ ಹೆಸರಿನಲ್ಲಿ ವ್ಯಕ್ತಿಯೂ ಇಲ್ಲ, ಊರೂ ಇಲ್ಲ. ಮೂರೂ ವರ್ಣನೆಯ ಪದಗಳೇ: ದೊಡ್ಡ, ತಡೆ, ಹವಳದ ಬಂಡೆಸಾಲು. 1770ರ ಜೂನ್‌ನಲ್ಲಿ ಜೇಮ್ಸ್ ಕುಕ್‌ನ ಎಂಡೆವರ್ ಹಡಗು ಅಲ್ಲಿ ಹವಳಕ್ಕೆ ಸಿಕ್ಕಿಕೊಂಡಿತು. ಆಮೇಲೆ ಆ ಕರಾವಳಿಯನ್ನು ಅಳೆದ ಮ್ಯಾಥ್ಯೂ ಫ್ಲಿಂಡರ್ಸ್ ಹೊರಕಡಲಿಗೂ ದಡಕ್ಕೂ ನಡುವೆ ನಿಂತ ತಡೆ ಎಂಬ ಅರ್ಥದಲ್ಲಿ ಬ್ಯಾರಿಯರ್ ಪದವನ್ನು ಬಳಸಿದ. 1842ರಲ್ಲಿ ಚಾರ್ಲ್ಸ್ ಡಾರ್ವಿನ್ ಹವಳದ ದಿಬ್ಬಗಳನ್ನು ದಡಕ್ಕೆ ಅಂಟಿದವು, ತಡೆಯಾಗಿ ನಿಂತವು, ಉಂಗುರದಂತಿರುವವು ಎಂದು ಮೂರು ಬಗೆಯಾಗಿ ವಿಂಗಡಿಸಿದಾಗ ಬ್ಯಾರಿಯರ್ ಎಂಬುದು ಶಾಸ್ತ್ರದ ಪದವಾಯಿತು. ಉಂಗುರದ ದಿಬ್ಬಕ್ಕೆ ಇಂಗ್ಲಿಷಿನಲ್ಲಿರುವ ಅಟಾಲ್ ಎಂಬ ಪದ ಮಾಲ್ದೀವಿನ ಧಿವೆಹಿ ಭಾಷೆಯಿಂದ ಹೋದದ್ದು, ನಮ್ಮದೇ ಕಡಲಿನ ಕೊಡುಗೆ. ಹೀಗೆ ವರ್ಣನೆಯ ಪದಗಳಿಂದ ಕಟ್ಟಿದ ಹೆಸರಿಗೆ ಇಂಗ್ಲಿಷಿನಲ್ಲಿ ‘ದ’ ಎಂಬ ನಿರ್ದೇಶಕ ಪದ ಕಡ್ಡಾಯ. ಆಂಗ್ರಿಯಾ ಬ್ಯಾಂಕ್‌ನಂತೆ ಅಂಕಿತನಾಮ ಮುಂದೆ ಬಂದ ಹೆಸರುಗಳನ್ನು ಸಾಮಾನ್ಯವಾಗಿ ಅದಿಲ್ಲದೆ ಬರೆಯುತ್ತಾರೆ.

ಇನ್ನು ಆಂಗ್ರಿಯಾ. ಇದರ ಮೂಲ ಆಂಗ್ರೆ. ಮರಾಠಾ ನೌಕಾಪಡೆಯ ಸರಖೇಲ, ಎಂದರೆ ದಳಪತಿ, ಕಾನ್ಹೋಜಿ ಆಂಗ್ರೆಯ ಹೆಸರನ್ನೇ ಈ ದಿಬ್ಬ ಹೊತ್ತಿದೆ. ಮನೆತನದ ಮೊದಲ ಅಡ್ಡಹೆಸರು ಸಂಕಪಾಳ. ಪುಣೆಗೆ ಸಮೀಪದ ಮಾವಳ ಗುಡ್ಡಗಾಡಿನ ಅಂಗರವಾಡಿ ಎಂಬ ಹಳ್ಳಿಯಿಂದ ಆಂಗ್ರೆ ಎಂಬ ಹೆಸರು ಬಂತೆಂದು ಆ ಮನೆತನದ ಇತಿಹಾಸ ಹೇಳುತ್ತದೆ. ಸಮುದ್ರ ಕಾಣದ ಘಟ್ಟದ ಮೇಲಿನ ಒಂದು ಹಳ್ಳಿಯ ಹೆಸರು ಹೀಗೆ ನಡುಗಡಲಿನ ಹವಳದ ದಿಬ್ಬಕ್ಕೆ ಹೋಗಿ ಸೇರಿದೆ.

ಆಂಗ್ರೆ ಎಂಬುದು ಆಂಗ್ರಿಯಾ ಆದದ್ದು ಬರಿಯ ಉಚ್ಚಾರದ ತೊಡಕಿನಿಂದಲ್ಲ. ಮರಾಠಿಯಲ್ಲಿ ಏಕಾರದಲ್ಲಿ ಮುಗಿಯುವ ಇಂಥ ಅಡ್ಡಹೆಸರುಗಳಿಗೆ ವಿಭಕ್ತಿ ಪ್ರತ್ಯಯ ಹತ್ತುವಾಗ ಕೊನೆ ಬದಲಾಗುತ್ತದೆ: ಆಂಗ್ರೆಯವರ ಎನ್ನಲು ಆಂಗ್ರ್ಯಾಂಚಾ, ಆಂಗ್ರೆಗೆ ಎನ್ನಲು ಆಂಗ್ರ್ಯಾಸ. ಮಾತಿನಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುವುದು ಈ ರೂಪವೇ. ಇಂಗ್ಲಿಷರ ಆಂಗ್ರಿಯಾ ಅದಕ್ಕೆ ತೀರ ಹತ್ತಿರ. ಶಿಂದೆ ಮನೆತನ ಇಂಗ್ಲಿಷಿನಲ್ಲಿ ಸಿಂಧಿಯಾ ಆದದ್ದೂ ಇದೇ ಮಾದರಿಯಲ್ಲಿ. ಒಂದು ವ್ಯತ್ಯಾಸ ಮಾತ್ರ ಗಮನಿಸಬೇಕು. ಗ್ವಾಲಿಯರ್‌ನ ಮನೆತನ ಸಿಂಧಿಯಾ ಎಂಬ ರೂಪವನ್ನು ತಾನೇ ಒಪ್ಪಿಕೊಂಡು ಬಳಸಿತು. ಆಂಗ್ರೆ ಮನೆತನ ಆಂಗ್ರೆಯಾಗಿಯೇ ಉಳಿಯಿತು; ಆಂಗ್ರಿಯಾ ಎಂಬ ರೂಪ ಇಂಗ್ಲಿಷ್ ಕಾಗದಗಳಲ್ಲಿ, ಪುಸ್ತಕಗಳಲ್ಲಿ, ನಕ್ಷೆಗಳಲ್ಲಿ ಬೆಳೆಯಿತು. ಈಸ್ಟ್ ಇಂಡಿಯಾ ಕಂಪನಿಯ ಬರಹಗಳಲ್ಲಿ ಕಾನ್ಹೋಜಿ ಮಾತ್ರ ಆಂಗ್ರಿಯಾ ಅಲ್ಲ, ಅವನ ಮಕ್ಕಳೂ ಆಂಗ್ರಿಯಾಗಳೇ. ಹೀಗಾಗಿ ಇಂಗ್ಲಿಷ್ ಪುಸ್ತಕ ಓದುವವರು ಇಸವಿಯನ್ನು ನೋಡಿಯೇ ಯಾರ ಮಾತು ನಡೆದಿದೆ ಎಂದು ತಿಳಿಯಬೇಕಾಗುತ್ತದೆ.

ಕಾನ್ಹೋಜಿ ಹುಟ್ಟಿದ್ದು 1669ರಲ್ಲಿ. ತಂದೆ ತುಕೋಜಿ ಶಿವಾಜಿ ಮಹಾರಾಜರ ಸೇವೆಯಲ್ಲಿದ್ದವನು. ಹದಿನೆಂಟನೆಯ ಶತಮಾನ ಕಾಲಿಡುವ ಹೊತ್ತಿಗೆ ಕೊಂಕಣದ ಕಡಲತೀರದಲ್ಲಿ ಕಾನ್ಹೋಜಿಯನ್ನು ಮೀರಿದ ಬಲ ಇರಲಿಲ್ಲ. ಅಲಿಬಾಗದ ಕೊಲಾಬಾ, ಹರ್ಣೈ ಬಳಿಯ ಸುವರ್ಣದುರ್ಗ, ದಕ್ಷಿಣದ ವಿಜಯದುರ್ಗ ಅವನ ನೆಲೆಗಳು. ಮರಾಠಾ ರಾಜ್ಯದ ಒಳಜಗಳದಲ್ಲಿ ಅವನು ಮೊದಲು ಶಾಹು ಮಹಾರಾಜರ ಎದುರಾಳಿ ತಾರಾಬಾಯಿಯ ಪಕ್ಷದಲ್ಲಿದ್ದ. ತನ್ನ ಮೇಲೆ ಬಂದ ಶಾಹು ಮಹಾರಾಜರ ಪೇಶ್ವೆ ಬಹಿರೋಪಂತ ಪಿಂಗಳೆಯನ್ನೇ ಸೆರೆಹಿಡಿದ. ಆಗ ಸಂಧಾನಕ್ಕೆ ಹೊರಟ ಬಾಳಾಜಿ ವಿಶ್ವನಾಥ 1713ರ ನವೆಂಬರ್‌ನಲ್ಲಿ ಪೇಶ್ವೆ ಪದವಿ ಪಡೆದು, ಪುಣೆ ಜಿಲ್ಲೆಯ ಲೋಣಾವಳೆಯಲ್ಲಿ ಕಾನ್ಹೋಜಿಯನ್ನು ಕಂಡು ಒಪ್ಪಂದಕ್ಕೆ ಬಂದ. ಪಿಂಗಳೆ ಬಿಡುಗಡೆಯಾದ, ಕಾನ್ಹೋಜಿ ಶಾಹುವಿನ ಪಕ್ಷಕ್ಕೆ ಬಂದ, ಅವನ ಕೋಟೆಗಳೂ ಸರಖೇಲ ಪದವಿಯೂ ಊರ್ಜಿತವಾದವು. ರಾಜ್ಯದ ಅಧಿಕೃತ ನೌಕಾಧಿಪತಿ ಎಂಬ ಅವನ ಸ್ಥಾನಕ್ಕೆ ಈ ಒಪ್ಪಂದವೇ ಸ್ಪಷ್ಟ ಆಧಾರ. ಇಂಗ್ಲಿಷ್ ಬರಹಗಳು ಮುಚ್ಚಿಡುವುದು ಇದನ್ನೇ.

ಇಂಗ್ಲಿಷರೊಡನೆ ಅವನ ವೈರಕ್ಕೆ ಕನ್ನಡ ನಾಡಿನ ಕರಾವಳಿಯೂ ಸಾಕ್ಷಿಯಾಗಿದೆ. ಕಾರವಾರದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೋಠಿಯಿತ್ತು. ಮೆಣಸಿನ ವ್ಯಾಪಾರ ಅದರ ಮುಖ್ಯ ಕೆಲಸ. 1712ರ ನವೆಂಬರ್‌ನಲ್ಲಿ ಮುಂಬಯಿ ಗವರ್ನರ್ ವಿಲಿಯಂ ಐಸ್ಲಬಿಯ ಸಶಸ್ತ್ರ ಹಡಗನ್ನು ಕಾನ್ಹೋಜಿಯ ನೌಕೆಗಳು ಹಿಡಿದವು. ಅದರಲ್ಲಿದ್ದ ಕಾರವಾರ ಕೋಠಿಯ ಮುಖ್ಯಸ್ಥ ಥಾಮಸ್ ಚೌನ್ ಕಾಳಗದಲ್ಲಿ ಸತ್ತ, ಅವನ ಹೆಂಡತಿ ಸೆರೆಯಾದಳು. ಮರುವರ್ಷ ಫೆಬ್ರವರಿಯಲ್ಲಿ 30,000 ರೂಪಾಯಿ ಒತ್ತೆಹಣ ಪಡೆದ ಮೇಲೆ ಆಕೆಯ ಬಿಡುಗಡೆಯಾಯಿತು. ಆಂಗ್ರಿಯಾ ಎಂಬ ಹೆಸರು ಮುಂಬಯಿಯ ಇಂಗ್ಲಿಷರ ಮನೆಮಾತಾಗಿ, ಹೆದರಿಕೆಯ ಹೆಸರಾಗಿ ಬೇರೂರುವಲ್ಲಿ ಇಂಥ ಘಟನೆಗಳ ಪಾತ್ರ ದೊಡ್ಡದು.

ಆ ಹೆಸರಿನ ಜೊತೆಗೆ ಅವರು ಸೇರಿಸಿದ ಬಿರುದು ಕಡಲ್ಗಳ್ಳ. 1737ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಕ್ಲೆಮೆಂಟ್ ಡೌನಿಂಗ್‌ನ ಪುಸ್ತಕದ ಶೀರ್ಷಿಕೆಯಲ್ಲೇ ಆಂಗ್ರಿಯಾ ಕಡಲ್ಗಳ್ಳನೆಂದು ಕರೆಸಿಕೊಂಡಿದ್ದಾನೆ. ಈ ಬಿರುದು ಎಷ್ಟು ನ್ಯಾಯ ಎಂಬುದನ್ನು ಆ ಕಾಲದ ಕಡಲಿನ ನಡಾವಳಿಯಿಂದ ಅಳೆಯಬೇಕು. ತನ್ನ ಕರಾವಳಿಯಲ್ಲಿ ಸಾಗುವ ವ್ಯಾಪಾರಿ ಹಡಗುಗಳು ಹಣ ಕೊಟ್ಟು ದಸ್ತಕು, ಎಂದರೆ ರಹದಾರಿ, ಪಡೆಯಬೇಕು ಎಂಬುದು ಕಾನ್ಹೋಜಿಯ ಕಟ್ಟಳೆ. ದಸ್ತಕಿಲ್ಲದ ಹಡಗನ್ನು ಹಿಡಿಯುವುದು ಅದರ ಮುಂದಿನ ಹೆಜ್ಜೆ. ಇದು ಅವನು ಹೊಸದಾಗಿ ಹೂಡಿದ ಪದ್ಧತಿಯೇನಲ್ಲ. ಪೋರ್ಚುಗೀಸರು ಹದಿನಾರನೆಯ ಶತಮಾನದಿಂದ ಕರ್ತಾಜ್ ಎಂಬ ಹೆಸರಿನಲ್ಲಿ ಇದನ್ನೇ ನಡೆಸಿದ್ದರು. ಇಂಗ್ಲಿಷ್ ಕಂಪನಿಯೂ ತನ್ನ ಆಶ್ರಯದ ವ್ಯಾಪಾರಿಗಳಿಗೆ ರಹದಾರಿ ಕೊಡುತ್ತಿತ್ತು. ಕಂಪನಿ ಪಟ್ಟುಹಿಡಿದದ್ದು ತನ್ನ ಪತ್ರ ನಡೆಯಬೇಕು, ಮರಾಠರದು ನಡೆಯಬಾರದು ಎಂಬುದಕ್ಕೆ. ತನ್ನ ಅರಸನಿಂದ ಪದವಿ ಪಡೆದು, ತನ್ನ ನಾಡಿನ ನೀರಿನಲ್ಲಿ ಸುಂಕ ವಸೂಲು ಮಾಡಿದವನನ್ನು ಕಡಲ್ಗಳ್ಳ ಎಂದು ಕರೆದದ್ದು ಎದುರಾಳಿಯ ಮಾತು. ಇತಿಹಾಸದ ತೀರ್ಪಾಗಿ ಅದನ್ನು ಒಪ್ಪುವಂತಿಲ್ಲ.

ಬಿರುದು ಅಷ್ಟು ಗಟ್ಟಿಯಾಗಿ ಅಂಟಿಕೊಂಡದ್ದಕ್ಕೆ ಸೋಲಿನ ಉರಿಯೂ ಕಾರಣ. ಗವರ್ನರ್ ಚಾರ್ಲ್ಸ್ ಬೂನ್‌ನ ಕಾಲದಲ್ಲಿ ಇಂಗ್ಲಿಷರು 1717ರಲ್ಲಿ ವಿಜಯದುರ್ಗದ ಮೇಲೆ, 1718ರಲ್ಲಿ ಖಾಂದೇರಿ ದ್ವೀಪದ ಮೇಲೆ, 1720ರಲ್ಲಿ ಮತ್ತೆ ವಿಜಯದುರ್ಗದ ಮೇಲೆ ಏರಿಹೋಗಿ ಬರಿಗೈಯಲ್ಲಿ ಮರಳಿದರು. 1721ರಲ್ಲಿ ಪೋರ್ಚುಗೀಸರನ್ನು ಕೂಡಿಕೊಂಡು ಕೊಲಾಬಾ ಕೋಟೆಗೆ ಹೋದರೂ ಅದೇ ಗತಿಯಾಯಿತು. 1729ರಲ್ಲಿ ಕಾನ್ಹೋಜಿ ತೀರಿಕೊಂಡಾಗ ಅವನ ಕೋಟೆಗಳಲ್ಲಿ ಒಂದೂ ಇಂಗ್ಲಿಷರ ಕೈಸೇರಿರಲಿಲ್ಲ.

ಅವುಗಳಲ್ಲಿ ಸುವರ್ಣದುರ್ಗ, ವಿಜಯದುರ್ಗ ಬಿದ್ದದ್ದು ಪುಣೆಯ ಪೇಶ್ವೆಯ ಒಪ್ಪಿಗೆಯಿಂದ. ಕಾನ್ಹೋಜಿಯ ಮಗ ತುಳಾಜಿ ಪೇಶ್ವೆಯ ಅಧಿಕಾರವನ್ನು ಲೆಕ್ಕಿಸದೆ ನಡೆದ. ಅವನನ್ನು ಮಣಿಸಲು ಪೇಶ್ವೆ ಬಾಳಾಜಿ ಬಾಜೀರಾವ್, ನಾನಾಸಾಹೇಬನೆಂದು ಹೆಸರಾದವನು, 1755ರ ಮಾರ್ಚ್‌ನಲ್ಲಿ ಇಂಗ್ಲಿಷರೊಡನೆ ಕರಾರು ಮಾಡಿಕೊಂಡ. ಏಪ್ರಿಲ್‌ನಲ್ಲಿ ಕಮೊಡೋರ್ ವಿಲಿಯಂ ಜೇಮ್ಸ್ ಸುವರ್ಣದುರ್ಗವನ್ನು ಹಿಡಿದ. 1756ರ ಫೆಬ್ರವರಿಯಲ್ಲಿ ಅಡ್ಮಿರಲ್ ವಾಟ್ಸನ್‌ನ ಹಡಗುಗಳು ಕಡಲಿನಿಂದ, ರಾಬರ್ಟ್ ಕ್ಲೈವ್‌ನ ಸೈನಿಕರು ನೆಲದಿಂದ ವಿಜಯದುರ್ಗವನ್ನು ಮುತ್ತಿದರು. ಗುಂಡಿನ ದಾಳಿಗೆ ಬೆಂಕಿ ಹೊತ್ತಿ ಬಂದರಿನಲ್ಲಿದ್ದ ಆಂಗ್ರೆ ನೌಕಾಪಡೆ ಸುಟ್ಟುಹೋಯಿತು. ತುಳಾಜಿ ಪೇಶ್ವೆಯ ಸೆರೆಯಲ್ಲಿ ಉಳಿದ ಆಯುಸ್ಸು ಕಳೆದ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಪುಣೆಯಲ್ಲಿ ಆದ ಒಪ್ಪಂದದಂತೆ ವಿಜಯದುರ್ಗ ಪೇಶ್ವೆಗೆ ಬಂತು. ಕೋಟೆ ಬಂತು, ಹಡಗು ಬರಲಿಲ್ಲ. ಮರಾಠರ ಕಡಲಬಲವನ್ನು ಮರಾಠರೇ ಹೊರಗಿನವರ ಕೈಯಿಂದ ಮುರಿಸಿದ ಈ ನಡೆಯನ್ನು ಪೇಶ್ವೆ ಆಡಳಿತದ ದೊಡ್ಡ ತಪ್ಪುಗಳಲ್ಲಿ ಒಂದೆಂದು ಎಣಿಸುವುದು ನ್ಯಾಯವಾಗಿದೆ.

ಗೆದ್ದವರು ಜಾಗಗಳ ಹೆಸರುಗಳನ್ನೂ ತಮ್ಮ ಬಾಯಿಗೆ ಹೊಂದಿಸಿಕೊಂಡರು. ವಿಜಯದುರ್ಗವನ್ನು ಅವರು ಬರೆದದ್ದು ಘೇರಿಯಾ ಎಂದು. ಉಂದೇರಿ ಮತ್ತು ಖಾಂದೇರಿ ಎಂಬ ಜೋಡಿ ದ್ವೀಪಗಳು ಹೆನರಿ ಮತ್ತು ಕೆನರಿ ಆದವು. ಅಲಿಬಾಗದ ಕೊಲಾಬಾಕ್ಕೂ ಮುಂಬಯಿಯ ಕೊಲಾಬಾಕ್ಕೂ ಇಂಗ್ಲಿಷ್ ಕಾಗದಗಳಲ್ಲಿ ಗೊಂದಲ ತಪ್ಪಿದ್ದಲ್ಲ. ಸುವರ್ಣದುರ್ಗ ಅವರ ಬರಹದಲ್ಲಿ ಸೆವೆರ್ನ್‌ಡ್ರೂಗ್ ಆಯಿತು. ಸೆವೆರ್ನ್ ಎಂಬುದು ಅವರ ನಾಡಿನ ಒಂದು ನದಿಯ ಹೆಸರು. ಲಂಡನ್ನಿನ ಶೂಟರ್ಸ್ ಹಿಲ್ ಗುಡ್ಡದ ಮೇಲೆ ವಿಲಿಯಂ ಜೇಮ್ಸ್‌ನ ಹೆಂಡತಿ ಗಂಡನ ನೆನಪಿಗೆ 1784ರಲ್ಲಿ ಕಟ್ಟಿಸಿದ ಮೂರು ಮೂಲೆಯ ಗೋಪುರ ಇಂದಿಗೂ ಸೆವೆರ್ನ್‌ಡ್ರೂಗ್ ಕ್ಯಾಸಲ್ ಎಂಬ ಹೆಸರಿನಲ್ಲಿ ನಿಂತಿದೆ. ಕನ್ನಡ ಓದುಗರು ಇಲ್ಲಿ ಎಚ್ಚರದಿಂದಿರಬೇಕು: 1791ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪು ಸುಲ್ತಾನನಿಂದ ಕಸಿದುಕೊಂಡ ಮಾಗಡಿ ಬಳಿಯ ಸಾವನದುರ್ಗವನ್ನು ಇಂಗ್ಲಿಷರು ಸಾವನ್‌ಡ್ರೂಗ್ ಎಂದು ಬರೆದಿದ್ದಾರೆ. ಎರಡೂ ಹೆಸರು ಕಿವಿಗೆ ಒಂದೇ ಬಗೆ, ಒಂದು ಕಡಲಕೋಟೆ, ಇನ್ನೊಂದು ಬೆಟ್ಟದ ಕೋಟೆ.

ಆಂಗ್ರಿಯಾ ಎಂಬ ಹೆಸರಿಗೆ ಇಂಗ್ಲಿಷ್ ಸಾಹಿತ್ಯದಲ್ಲಿ ಇನ್ನೊಂದು ವಾಸವೂ ಇದೆ. 1830ರ ದಶಕದಲ್ಲಿ ಷಾರ್ಲಟ್ ಬ್ರಾಂಟಿ ಮತ್ತು ಆಕೆಯ ತಮ್ಮ ಬ್ರಾನ್‌ವೆಲ್ ಎಳೆಯ ವಯಸ್ಸಿನಲ್ಲಿ ಹೆಣೆದ ಕಥೆಗಳ ಕಲ್ಪಿತ ರಾಜ್ಯದ ಹೆಸರು ಆಂಗ್ರಿಯಾ. ಅದು ಆಫ್ರಿಕದಲ್ಲಿದೆ ಎಂದು ಅವರು ಕಲ್ಪಿಸಿಕೊಂಡಿದ್ದರು. ಗ್ರಂಥಾಲಯದಲ್ಲಿ ಈ ಹೆಸರು ಹಿಡಿದು ಹುಡುಕುವವರಿಗೆ ಕಾನ್ಹೋಜಿಗಿಂತ ಮೊದಲು ಬ್ರಾಂಟಿಯ ಕಥೆಗಳೇ ಸಿಗುವುದುಂಟು.

ಹೆಸರಿಗೆ ಅಂಟಿದ ಕಳಂಕ ತೊಳೆಯುವ ಕೆಲಸ ನಡೆದದ್ದು ಮುಖ್ಯವಾಗಿ ಕಾಗದಪತ್ರಗಳ ಮೂಲಕ. 1910ರಲ್ಲಿ ವಿ. ಕಾ. ರಾಜವಾಡೆ ಮುಂತಾದವರು ಪುಣೆಯಲ್ಲಿ ಸ್ಥಾಪಿಸಿದ ಭಾರತ ಇತಿಹಾಸ ಸಂಶೋಧಕ ಮಂಡಳ ಮರಾಠಿಯ ಹಳೆಯ ಮೋಡಿ ಲಿಪಿಯ ದಾಖಲೆಗಳನ್ನು ಹಳ್ಳಿಹಳ್ಳಿಗಳಿಂದ ಕೂಡಿಹಾಕಿತು. ಪುಣೆಯಲ್ಲೇ ಇರುವ ಪೇಶ್ವೆ ದಫ್ತರದಿಂದ ಆಯ್ದ ಪತ್ರಗಳನ್ನು ಗೋ. ಸ. ಸರದೇಸಾಯಿ 1930ರ ದಶಕದಲ್ಲಿ 45 ಸಂಪುಟಗಳಾಗಿ ಹೊರತಂದರು. ಇಂಗ್ಲಿಷಿನಲ್ಲೇ ಬರೆದು ಈ ಹೆಸರನ್ನು ಸರಿಪಡಿಸಿದವರೂ ಇದ್ದಾರೆ. ಉತ್ತರ ಕನ್ನಡ ಜಿಲ್ಲೆಯ ಜಗಲಬೇಟ್ ಬಳಿ ನೆಲೆಸಿದ್ದ ಕಾದಂಬರಿಕಾರ ಮನೋಹರ ಮಳಗಾಂವಕರ್ 1959ರಲ್ಲಿ ಪ್ರಕಟಿಸಿದ ಜೀವನಚರಿತ್ರೆ ತನ್ನ ಶೀರ್ಷಿಕೆಯಲ್ಲಿಯೇ ಕಾನ್ಹೋಜಿಯನ್ನು ಆಂಗ್ರೆ ಎಂದೂ ಮರಾಠಾ ಅಡ್ಮಿರಲ್ ಎಂದೂ ಕರೆಯುತ್ತದೆ. ಭಾರತೀಯ ನೌಕಾಪಡೆ ಮುಂಬಯಿಯ ತನ್ನ ನೆಲೆಗೆ ಐಎನ್ಎಸ್ ಆಂಗ್ರೆ ಎಂದು ಹೆಸರಿಟ್ಟಿದೆ. ಖಾಂದೇರಿ ದ್ವೀಪ ಈಗ ಅಧಿಕೃತವಾಗಿ ಕಾನ್ಹೋಜಿ ಆಂಗ್ರೆ ದ್ವೀಪ. ಹೀಗಿದ್ದೂ 2018ರಲ್ಲಿ ಮುಂಬಯಿ ಮತ್ತು ಗೋವಾ ನಡುವೆ ಓಡಾಟ ಆರಂಭಿಸಿದ ಪ್ರವಾಸಿ ಹಡಗಿಗೆ ಇಟ್ಟ ಹೆಸರು ಆಂಗ್ರಿಯಾ. ಶತ್ರುವಿನ ಬಾಯಲ್ಲಿ ಹುಟ್ಟಿದ ರೂಪ ಅಭಿಮಾನದ ಹೆಸರಾಗಿ ಕೊಂಕಣಕ್ಕೆ ಮರಳಿದೆ ಎನ್ನಬೇಕು.

ನಕ್ಷೆಯ ಹೆಸರು ಮುಚ್ಚಿಟ್ಟ ಹವಳದ ಮಾತೂ ಇಲ್ಲಿ ಸಲ್ಲಬೇಕು. ದಿಬ್ಬ ಕಟ್ಟುವ ಹವಳದ ಜೀವಿಗಳ ಮೈಯೊಳಗೆ ಸೂಕ್ಷ್ಮ ಪಾಚಿಗಳು ವಾಸಿಸುತ್ತವೆ. ಬಿಸಿಲಿನಿಂದ ಅವು ತಯಾರಿಸುವ ಆಹಾರವೇ ಹವಳಕ್ಕೂ ಆಧಾರ. ಆದ್ದರಿಂದ ತಿಳಿನೀರು, ಬೆಳಕು, ಹದವಾದ ಬಿಸಿ ಮೂರೂ ಬೇಕು. ಪಶ್ಚಿಮ ಕರಾವಳಿಯ ಅಂಚಿನಲ್ಲಿ ಮಳೆಗಾಲದ ನದಿಗಳು ಕೆಂಪು ಹೂಳನ್ನು ತಂದು ಸುರಿಯುವುದರಿಂದ ಹವಳ ಹಬ್ಬುವುದು ಕಷ್ಟ. ಮಾಲವಣದಲ್ಲಿ, ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಅಲ್ಲಲ್ಲಿ ತುಣುಕುಗಳಿವೆ. ನೇತ್ರಾಣಿಗೂ ಇಂಗ್ಲಿಷ್ ನಕ್ಷೆ ಪಿಜನ್ ಐಲೆಂಡ್, ಪಾರಿವಾಳದ ದ್ವೀಪ, ಎಂಬ ಬೇರೆ ಹೆಸರು ಕೊಟ್ಟಿತ್ತು. ಆಂಗ್ರಿಯಾ ದಿಬ್ಬ ನೂರು ಕಿಲೋಮೀಟರಿಗೂ ದೂರ ಇರುವುದರಿಂದ ನದಿಯ ಹೂಳು ಅಲ್ಲಿಗೆ ಮುಟ್ಟುವುದಿಲ್ಲ. ಇಪ್ಪತ್ತು ಮೀಟರ್ ಆಳಕ್ಕೆ ಬೆಳಕು ಇಳಿಯುತ್ತದೆ. 2019ರ ಡಿಸೆಂಬರ್‌ನಲ್ಲಿ ಕೊಚ್ಚಿಯ ಸಾಗರ ಜೀವಸಂಪನ್ಮೂಲ ಕೇಂದ್ರ ಮತ್ತು ವೈಲ್ಡ್‌ಲೈಫ್ ಕನ್ಸರ್ವೇಶನ್ ಸೊಸೈಟಿಯ ಭಾರತ ಶಾಖೆಯ ವಿಜ್ಞಾನಿಗಳು ಅಲ್ಲಿ ಮುಳುಗಿ ಹವಳ ಮತ್ತು ಮೀನುಗಳ ಸಮೀಕ್ಷೆ ನಡೆಸಿದರು.

ಆ ದೂರವೇ ಅದರ ರಕ್ಷಣೆಗೆ ತೊಡಕೂ ಆಗಿದೆ. ದಡದಿಂದ 12 ನಾಟಿಕಲ್ ಮೈಲಿಯ, ಎಂದರೆ ಸುಮಾರು 22 ಕಿಲೋಮೀಟರಿನ ಒಳಗಿನ ನೀರಿನಲ್ಲಿ ಅಭಯಾರಣ್ಯ ಘೋಷಿಸಬಹುದು. ಈ ದಿಬ್ಬ ಅದರಾಚೆ, ದೇಶದ ವಿಶೇಷ ಆರ್ಥಿಕ ವಲಯದಲ್ಲಿದೆ. ಅಲ್ಲಿ ಅಧಿಕಾರ ಕೇಂದ್ರ ಸರ್ಕಾರದ್ದು, ಆಧಾರ 1976ರ ಸಾಗರ ವಲಯಗಳ ಕಾಯ್ದೆ. ಆ ಕಾಯ್ದೆಯಡಿ ಇದನ್ನು ನಿಗದಿತ ಪ್ರದೇಶವೆಂದು ಘೋಷಿಸಬೇಕೆಂಬ ಪ್ರಸ್ತಾವಕ್ಕೆ 2020ರಲ್ಲಿ ಮಹಾರಾಷ್ಟ್ರದ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ಕೊಟ್ಟಿತು. ಹವಳದ ಮೇಲೆ ಲಂಗರು ಬೀಳದಂತೆ, ಎಳೆಬಲೆ ಹರಿಯದಂತೆ ತಡೆಯಲು ಬೇರೆ ದಾರಿ ಇಲ್ಲ. ಹೆಸರಿನ ವಿಷಯದಲ್ಲಿ ಮಾಡಬಹುದಾದದ್ದು ಇದಕ್ಕಿಂತ ಸುಲಭ. ಸಮುದ್ರದ ನಕ್ಷೆಯಲ್ಲಿ ಆಂಗ್ರಿಯಾ ಬ್ಯಾಂಕ್ ಎಂಬ ರೂಪವೇ ಇರಲಿ, ನಾವಿಕರಿಗೆ ಅದು ಬೇಕು. ಕನ್ನಡದ ಪಠ್ಯಪುಸ್ತಕಗಳನ್ನೂ ಭೂಪಟಗಳನ್ನೂ ಸಿದ್ಧಪಡಿಸುವವರು ಅದರ ಪಕ್ಕದಲ್ಲಿ ಆಂಗ್ರೆ ಹವಳದ ದಿಬ್ಬ ಎಂದೂ ಬರೆಯಲಿ.